ಮೂಗು ದಾಟಿ ಬಂದ ಸಾರು

ಲೇತು, ವೆಲ್ಡಿಂಗು, ಟೈರು, ಬ್ಯಾಟರಿ ಅಂಗಡಿಗಳೇ ತುಂಬಿದ್ದ ಆ ಬೀದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಉಸಿರಾಡಿದವನ ಹತ್ತಿರ ಅಯಸ್ಕಾಂತ ಹಿಡಿದರೆ ಅವನೇ ಬಂದು ಅಂಟಿಕೊಳ್ಳುತ್ತಿದ್ದ; ಗಾಳಿಯಲ್ಲಿ ಅಷ್ಟು ಕಬ್ಬಿಣ. ಅಂಥ ಬೀದಿಯ ನಟ್ಟನಡುವೆ ಒಂದು ಊಟದ ಅಂಗಡಿ. ಆರು ಮೇಜು, ಮುಂದೆ ಗಾಜಿನ ಬಾಗಿಲು, ಹಿಂದೆ ಅಡುಗೆಮನೆ, ಅದರ ಹಿಂದೆ ಪಾತ್ರೆ ತೊಳೆಯುವ ಕಟ್ಟೆ. ನೆಲ ಎಷ್ಟು ಚೊಕ್ಕಟವೆಂದರೆ ದಾರಿ ತಪ್ಪಿ ಒಳಗೆ ಬಂದ ನೊಣ ಕಾಲು ಜಾರಿ ಬಿದ್ದು ಸೊಂಟ ಮುರಿದುಕೊಂಡಿತೆಂದು ಬೀದಿಯವರು ಆಣೆ ಮಾಡಿ ಹೇಳುತ್ತಿದ್ದರು. ಅಂಗಡಿಯ ಒಡತಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಬೀದಿಗೆ ಅದು ಬೇಕಾಗಿರಲಿಲ್ಲ. ಎಲ್ಲರಿಗೂ ಆಕೆ ಮೂಗಿನಕ್ಕ.

ನೋಡಲು ಆ ಮೂಗಿನಲ್ಲಿ ವಿಶೇಷವೇನೂ ಇರಲಿಲ್ಲ, ಕಡಲೆಕಾಯಿಯಷ್ಟಿತ್ತು. ಕೆಲಸ ಮಾತ್ರ ನಾಲ್ಕು ಪೊಲೀಸ್ ನಾಯಿಗಳದು. ಮೀನಿನವನು ಆ ಬಾಗಿಲ ಮುಂದೆ ಹೋಗುವಾಗ ಬುಟ್ಟಿಗೆ ಎರಡು ಟವಲು ಹೊದಿಸಿ ತಾನೂ ಉಸಿರು ಬಿಗಿಹಿಡಿಯುತ್ತಿದ್ದ. ಆದರೂ ಒಳಗಿನಿಂದ ದನಿ ಬರುತ್ತಿತ್ತು: "ಏಯ್, ತಳದಲ್ಲಿರೋದು ನಿನ್ನೇದು. ಯಾರಿಗೂ ಕೊಡ್ಬೇಡ!" ತಾನು ಸತ್ತದ್ದು ಯಾವಾಗ ಎಂದು ಮೀನಿಗೇ ಮರೆತುಹೋಗಿದ್ದರೆ ಬಂದು ಅಕ್ಕನನ್ನು ಕೇಳಬಹುದಿತ್ತು. ನಾಳೆ ಒಡೆಯುವ ಹಾಲನ್ನು ಆಕೆ ಇವತ್ತೇ ಬೈದು ವಾಪಸ್ ಕಳಿಸುತ್ತಿದ್ದಳು.

ಈ ವಿದ್ಯೆ ಬಂದದ್ದು ಬಡತನದಿಂದ. ತಾಯಿ ಒಂದು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಿದ್ದವಳು. ಉಳಿದದ್ದನ್ನು ಡಬ್ಬಿಯಲ್ಲಿ ಮನೆಗೆ ತರುತ್ತಿದ್ದಳು. ಅದರಲ್ಲಿ ತಿನ್ನುವಂಥದ್ದು ಯಾವುದು, ಚೆಲ್ಲುವಂಥದ್ದು ಯಾವುದು ಎಂದು ಮೂಸಿ ಬೇರೆ ಮಾಡುವುದು ಹಿರಿಮಗಳ ಕೆಲಸ. ತಮ್ಮ ತಂಗಿಯರು ಬಾಯಿ ತೆರೆದುಕೊಂಡು ಕಾಯುತ್ತಾ ಕೂರುತ್ತಿದ್ದರು. ಹಸಿದ ಮಕ್ಕಳ ಮುಂದೆ ಅನ್ನ ಚೆಲ್ಲಬೇಕಾದರೆ ಮೂಗಿನ ಮೇಲೆ ಎಂಥ ನಂಬಿಕೆ ಇರಬೇಕು, ನೋಡಿ. ಆ ಮನೆಯಲ್ಲಿ ಹಸಿವಿನಿಂದ ಅತ್ತವರುಂಟು, ಹೊಟ್ಟೆನೋವಿನಿಂದ ಅತ್ತವರಿಲ್ಲ.

ಈ ಮೂಗಿನಿಂದ ಅತ್ಯಂತ ಕಷ್ಟಪಟ್ಟ ಪ್ರಾಣಿಯೆಂದರೆ ಆಕೆಯ ಗಂಡ. ಗಲ್ಲಾದ ಮೇಲೆ ಕೂರುವ ಸಾಧು ಮನುಷ್ಯ, ಒಂದೇ ಒಂದು ಚಟ: ಸಿಗರೇಟು. ಟೈರಂಗಡಿಯ ಹಿಂದೆ ಹೋಗಿ ಸೇದಿ, ಬಾಯಿ ಮುಕ್ಕಳಿಸಿ, ಏಲಕ್ಕಿ ಅಗಿದು, ಗಾಳಿಗೆ ಶರ್ಟು ಬಡಿದು, ಆಗತಾನೇ ಹುಟ್ಟಿದ ಮಗುವಿನಷ್ಟು ಹೊಸದಾಗಿ ಒಳಗೆ ಬಂದರೂ ಆಕೆ ಒಲೆಯಿಂದ ತಲೆ ಎತ್ತುತ್ತಲೇ ಇರಲಿಲ್ಲ. "ರೀ, ಇವತ್ತು ಎರಡು ಸೇದಿದ್ದೀರಿ. ಒಂದು ನಿಮ್ದು, ಇನ್ನೊಂದು ಯಾರದ್ದೋ ಇಸ್ಕೊಂಡಿದ್ದು." ಇಡೀ ದಾಂಪತ್ಯದಲ್ಲಿ ಆತ ಒಂದು ಸಲವೂ ಗೆದ್ದವನಲ್ಲ.

ಹೀಗಿರುವಾಗ ನಗರಸಭೆ ಊಟದ ಅಂಗಡಿಗಳಿಗೆಲ್ಲ ಸ್ವಚ್ಛತೆಯ ಅಂಕ ಕೊಡಲು ಶುರುಮಾಡಿತು. ಹೇಳದೆ ಕೇಳದೆ ಬರುತ್ತಾರೆ. ನೆಲ, ಚರಂಡಿ, ಕೈಯುಗುರು, ಫ್ರಿಜ್ಜು, ಒರೆಸುವ ಬಟ್ಟೆ ಎಲ್ಲ ನೋಡುತ್ತಾರೆ. ಸೊನ್ನೆಯಿಂದ ಐದರವರೆಗೆ ಒಂದು ಅಂಕ ಹಾಕಿ, ಅದರ ಹಲಗೆಯನ್ನು ಬಾಗಿಲಿಗೇ ಅಂಟಿಸಿ ಹೋಗುತ್ತಾರೆ. ಒಳ್ಳೆಯದಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು. ಮಕ್ಕಳ ಮಾರ್ಕ್ಸ್ ಕಾರ್ಡನ್ನು ಬೀದಿ ಬಾಗಿಲಿಗೆ ನೇತುಹಾಕಿದ ಹಾಗೆ. ಮೂಲೆಯ ಚಹಾದಂಗಡಿಯವನು ತನಗೆ ಬಂದ ಎರಡರ ಮೇಲೆ ಒಂದು ದೊಡ್ಡ ಕ್ಯಾಲೆಂಡರ್ ತೂಗುಹಾಕಿದ. ಗಾಳಿ ಬೀಸಿದಾಗಲೆಲ್ಲ ಕ್ಯಾಲೆಂಡರ್ ಹಾರಿ ಮಾನ ಹೋಗುತ್ತಿತ್ತು. ಮೂಗಿನಕ್ಕನಿಗೆ ಐದಕ್ಕೆ ಐದು. ಮರುವರ್ಷವೂ ಐದು. ಅದರ ಮರುವರ್ಷವೂ.

ಅಂಕ ಹಾಕಲು ಬರುತ್ತಿದ್ದಾಕೆಯನ್ನು ಬೀದಿಯವರು ಅಂಕದ ಮೇಡಂ ಎಂದು ಕರೆಯುತ್ತಿದ್ದರು. ಕೆಲಸದಲ್ಲಿ ಕಟ್ಟುನಿಟ್ಟು, ಮಾತಿನಲ್ಲಿ ಮೃದು.

"ಎಲ್ಲಾ ಚೆನ್ನಾಗಿದೆ ಅಮ್ಮ. ಫ್ರಿಜ್ಜಲ್ಲಿ ಒಂದು ಥರ್ಮಾಮೀಟರ್ ಇಟ್ಬಿಡಿ. ಡಬ್ಬಿಗಳ ಮೇಲೆ ತಾರೀಖಿನ ಚೀಟಿ ಅಂಟಿಸಿ. ಹೋದ ಸಲನೂ ಹೇಳಿದ್ದೆ."

"ಚೀಟಿ ಉದುರಿಹೋಗುತ್ತೆ ಮೇಡಂ. ಮೂಗು ಉದುರುತ್ತಾ?"

ಅಡುಗೆಮನೆಯೆಲ್ಲ ನಕ್ಕಿತು. ಮೇಡಂ ಕೂಡ ನಕ್ಕರು. ಆದರೆ ಹೋಗುವಾಗ, "ಮೂಗಿಗೂ ನೆಗಡಿ ಆಗುತ್ತೆ ಅಮ್ಮ" ಎಂದರು.

ಆಯಿತು. ಒಂದು ಚಳಿಗಾಲ ಊರಿಗೆಲ್ಲ ಬಂದಂತೆ ಆಕೆಗೂ ನೆಗಡಿ, ಜ್ವರ ಬಂತು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು. ಒಲೆಯ ಮುಂದೆ ನಿಂತು ಈರುಳ್ಳಿ ಹಾಕಿದಳು. ಅದು ಎಣ್ಣೆಯಲ್ಲಿ ಚುಂಯ್ ಎಂದಿತು, ಬಾಡಿತು, ಕೆಂಪಗಾಯಿತು. ವಾಸನೆ ಮಾತ್ರ ಬರಲಿಲ್ಲ. ತರಕಾರಿಯವನನ್ನು ಕರೆದು, "ಇದೇನು ಈರುಳ್ಳಿಯೋ ಕಾಗದವೋ?" ಎಂದು ಬೈದಳು. ಅವನು ಹೋದಮೇಲೆ ಲವಂಗ ಮೂಸಿದಳು. ಸೀಮೆಎಣ್ಣೆ ಮೂಸಿದಳು. ಫಿನಾಯಿಲ್ ಬಾಟಲಿ ತೆರೆದು ಮೂಗಿಗೆ ಹಿಡಿದಳು. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ. ಕೊನೆಗೆ ಮೀನಿನ ಬುಟ್ಟಿಗೆ ಮುಖ ಇಟ್ಟಳು. ಮೀನಿನವನು ಹೆದರಿ, "ಎಲ್ಲಾ ಇವತ್ತಿಂದೇ ಅಕ್ಕ, ದೇವರಾಣೆ" ಎಂದ. ಆಕೆ ಸುಮ್ಮನೆ ತಲೆಯಾಡಿಸಿದಳು. ತಾನು ಇಷ್ಟು ಸುಲಭವಾಗಿ ಪಾಸಾದೆನಲ್ಲ ಎಂದು ಅವನಿಗೇ ಅನುಮಾನ ಬಂತು.

ತಂಗಿಯ ಮನೆಗೆಂದು ಸುಳ್ಳು ಹೇಳಿ ದೂರದ ಡಾಕ್ಟರೊಬ್ಬರ ಹತ್ತಿರ ಹೋದಳು. ಅವರು ದೀಪ ಬಿಟ್ಟು ನೋಡಿ, "ವಾಪಸ್ ಬರಬಹುದು, ಬರದೇನೂ ಇರಬಹುದು" ಎಂದರು. ಇಷ್ಟು ಹೇಳಲು ಡಾಕ್ಟರೇ ಬೇಕಾ, ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಬಗ್ಗೆ ಕೇಳಿದರೂ ಇದನ್ನೇ ಹೇಳುತ್ತಾರೆ ಎಂದುಕೊಂಡು ಹಿಂದಿರುಗಿದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಸೆರಗು ಬಾಯಿಗಿಟ್ಟುಕೊಂಡಳು.

ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವುದು? ಕುಂಟಿಯಾದರೆ ಕೋಲು ಹಿಡಿಯಬಹುದು, ಕಿವಿ ಹೋದರೆ ಜೋರಾಗಿ ಮಾತಾಡಿ ಎನ್ನಬಹುದು. ಮೂಗಿನಕ್ಕನ ಮೂಗೇ ಹೋದರೆ ಉಳಿಯುವವಳು ಯಾರು? ಬೀದಿಯ ಜನ ತಿನ್ನುತ್ತಿದ್ದದ್ದು ಆಕೆಯ ಅನ್ನವನ್ನಲ್ಲ, ಆ ಮೂಗಿನ ಮೇಲಿನ ಭರವಸೆಯನ್ನು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ, ನುಂಗಲಾರದೆ ಉಗುಳಲಾರದೆ ದಿನ ದೂಡಿದಳು. ಅಭ್ಯಾಸದಂತೆ ಮುಚ್ಚಳ ತೆಗೆದು ಬಗ್ಗುತ್ತಿದ್ದಳು, ಅಭ್ಯಾಸದಂತೆ ಹುಬ್ಬು ಗಂಟಿಕ್ಕುತ್ತಿದ್ದಳು. ಅನುಮಾನ ಬಂದದ್ದನ್ನೆಲ್ಲ ಚೆಲ್ಲುತ್ತಿದ್ದಳು. ಆ ತಿಂಗಳುಗಳಲ್ಲಿ ಆ ಬೀದಿಯ ಬೆಕ್ಕುಗಳು ಕರುಗಳಷ್ಟು ದಪ್ಪಗಾದವು.

ಮೊದಲು ಪತ್ತೆಹಚ್ಚಿದವನು ಗಂಡ. ಒಂದು ದಿನ ಏಲಕ್ಕಿ ಅಗಿಯುವುದನ್ನು ಮರೆತು ಹಾಗೇ ಒಳಗೆ ಬಂದ. ಬೈಗುಳಕ್ಕೆ ಬೆನ್ನು ಸಿದ್ಧಮಾಡಿಕೊಂಡು ನಿಂತ. ಏನೂ ಇಲ್ಲ. ಮಾರನೆಯ ದಿನ ಬೇಕೆಂದೇ ಆಕೆಯ ಮುಖದ ಹತ್ತಿರ ಬಾಯಿ ತಂದು, "ಊಟ ಆಯ್ತೇನೇ?" ಎಂದು ಕೇಳಿದ. "ಆಯ್ತು" ಎಂದಳು. ಜೈಲಿನ ಬಾಗಿಲು ತಾನಾಗಿ ತೆರೆದುಕೊಂಡ ಖುಷಿಯಲ್ಲಿ ಟೈರಂಗಡಿಯ ಹಿಂದೆ ಹೋಗಿ ಇನ್ನೊಂದು ಹಚ್ಚಿದ. ಅರ್ಧ ಸೇದುವಷ್ಟರಲ್ಲಿ ಅದರ ಅರ್ಥ ಹೊಳೆಯಿತು. ಉಳಿದರ್ಧವನ್ನು ಚರಂಡಿಗೆ ಎಸೆದು, ಟೈರಿನ ಮೇಲೆ ಕೂತುಬಿಟ್ಟ.

ಆತನೂ ಕೇಳಲಿಲ್ಲ. ಹೆಂಡತಿಯ ಮಾನ ಹೆಂಡತಿಯ ಮುಂದೆಯೇ ಹೋಗಬಾರದಲ್ಲ. ಬದಲಿಗೆ ಬೆಳಿಗ್ಗೆ ಆಕೆಗಿಂತ ಮೊದಲು ಎದ್ದು ಹೋಗಿ ಮುಚ್ಚಳ ತೆಗೆದು ಮೂಸತೊಡಗಿದ. ಆಕೆ ಬಂದಾಗ ಬೇರೇನೋ ಹುಡುಕುವವನಂತೆ, "ಹಾಲು ಸರಿ ಇದೆ ಕಣೇ" ಎನ್ನುತ್ತಿದ್ದ.

"ಗೊತ್ತು. ನಾನೂ ನೋಡ್ದೆ."

"ಮಾಂಸಾನೂ ಸರಿ ಇದೆ."

"ಗೊತ್ತು ಅಂದ್ನಲ್ಲ."

ದಿನಾ ಇದೇ ಮಾತು. ಆತನಿಗೆ ಗೊತ್ತಿದೆಯೆಂದು ಆಕೆಗೆ ಗೊತ್ತಾಯಿತು. ಆಕೆಗೆ ಗೊತ್ತಾಗಿದೆಯೆಂದು ಆತನಿಗೂ ಗೊತ್ತಾಯಿತು. ಆದರೂ ಇಬ್ಬರೂ ಆ ಮಾತನ್ನು ನಡುವೆ ಮಲಗಿದ ಮಗುವಿನಂತೆ ಎಬ್ಬಿಸದೆ ದಾಟುತ್ತಿದ್ದರು. ಅದರಲ್ಲಿ ಪ್ರೀತಿ ಇರಲಿಲ್ಲವೆಂದು ಹೇಳಿದರೆ ನಾಲಿಗೆ ಬಿದ್ದುಹೋದೀತು. ಆದರೆ ಹೊಗೆಯಲ್ಲಿ ಬೆಂದು ಕರಕಲಾದ ಮೂಗು ಆತನದು. ತಾನು ಮಲಗಿದ ಹಾಸಿಗೆಗೇ ಬೆಂಕಿ ಬಿದ್ದರೂ, 'ಇವತ್ತು ಸೆಕೆ ಜಾಸ್ತಿ' ಎಂದು ಮಗ್ಗುಲು ಬದಲಿಸುವ ಮೂಗು. ಅದನ್ನು ಆಕೆಗಿಂತ ಚೆನ್ನಾಗಿ ಬಲ್ಲವರು ಭೂಮಿಯ ಮೇಲೆ ಯಾರೂ ಇರಲಿಲ್ಲ.

ಬೇಸಿಗೆ ಬಂತು. ಒಂದು ಸಂಜೆ ಕೋಳಿಮೂಳೆ ಬೇಯಿಸಿದ ದೊಡ್ಡ ಪಾತ್ರೆಯ ಸಾರನ್ನು ಫ್ರಿಜ್ಜಿಗೆ ತುರುಕಿದ್ದರು. ಪಾತ್ರೆಯ ಹಿಡಿ ಅಡ್ಡ ಬಂದು ಬಾಗಿಲು ಒಂದು ಬೆರಳಿನಷ್ಟು ತೆರೆದೇ ಉಳಿದಿತ್ತು. ಬೆಳಿಗ್ಗೆ ಗಂಡ ಮೊದಲು ಬಂದು, ಬಾಗಿಲು ನೋಡಿ, ಸಾರು ಮೂಸಿ, ಪಾತ್ರೆಯನ್ನು ಹೊರಗಿಟ್ಟ. ಆಕೆ ಬಂದು ಪಾತ್ರೆಯ ಹೊಟ್ಟೆಗೆ ಅಂಗೈ ಇಟ್ಟಳು.

"ತಣ್ಣಗಿಲ್ವಲ್ಲ?"

"ಬಾಗಿಲು ಸ್ವಲ್ಪ ಹಾಕಿರ್ಲಿಲ್ಲ. ಮೂಸಿದೆ ಕಣೇ. ಸರಿ ಇದೆ."

ಆಕೆಯ ಅಂಗೈ ಪಾತ್ರೆಯ ಮೇಲೇ ಇತ್ತು. ಚೆಲ್ಲು, ಎಂದು ಕೈ ಹೇಳುತ್ತಿತ್ತು. ಚೆಲ್ಲಿದರೆ, ಸರಿ ಇದೆಯೆಂದ ಗಂಡನನ್ನು ನಂಬಲಿಲ್ಲವೆಂದಾಗುತ್ತದೆ. ನಂಬಲಿಲ್ಲವೇಕೆ ಎಂಬ ಮಾತು ಬರುತ್ತದೆ. ಆ ಮಾತು ಬಂದರೆ ಮಲಗಿದ್ದೆಲ್ಲ ಎದ್ದು ಕೂರುತ್ತದೆ. ಬಗ್ಗಿದಳು, ಮೂಸಿದಳು. ಖಾಲಿ ಕೋಣೆಗೆ ಬಗ್ಗಿ ನೋಡಿದಂತಾಯಿತು.

"ಹೂಂ," ಎಂದಳು. "ನಾನೂ ನೋಡ್ದೆ."

ಒಲೆಯ ಮೇಲಿಟ್ಟಳು. ಕುದಿಸಿದರೆ ಎಲ್ಲ ಸಾಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಮಧ್ಯಾಹ್ನ ಮೊದಲು ಬಂದವನು ಲೇತಿನವನು. ಎದುರಿನ ಅಂಗಡಿಯಲ್ಲಿ ವಯಸ್ಸಾದ ಲೇತೊಂದನ್ನು ಒಬ್ಬನೇ ನಡೆಸುತ್ತಿದ್ದ ಒಂಟಿಜೀವ. ಸಕ್ಕರೆ ಕಾಯಿಲೆ ಬೇರೆ. ಹೊರಗೆ ಊಟವೆಂದರೆ ಅವನಿಗೆ ಈ ಅಂಗಡಿ, ಮನೆಯೂಟವೆಂದರೂ ಈ ಅಂಗಡಿ. ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟ.

"ಅಕ್ಕಾ, ಇವತ್ತು ಹುಳಿ ಸ್ವಲ್ಪ ಮುಂದಾಯ್ತಾ?"

ಸೌಟು ಹಿಡಿದ ಆಕೆಯ ಕೈ ನಿಂತಿತು. ಆಕೆ ಬಾಯಿ ತೆರೆಯುವ ಮೊದಲೇ ಪಕ್ಕದ ಮೇಜಿನ ವೆಲ್ಡಿಂಗಿನವನು ಗದರಿದ: "ಲೋ, ನಿನ್ನ ನಾಲಿಗೆಗೆ ತುಕ್ಕು ಹಿಡಿದಿದೆ, ಲೇತಿಗೆ ಹಾಕಿ ಒಂದು ಸುತ್ತು ಹೊಡಿ. ಅಕ್ಕನ ಮೂಗು ದಾಟಿ ಬಂದಿದ್ದಕ್ಕೆ ತಪ್ಪು ಹೇಳ್ತೀಯಲ್ಲ!"

"ಅಯ್ಯೋ, ತಪ್ಪಲ್ಲಪ್ಪ, ಸುಮ್ನೆ ಕೇಳ್ದೆ." ಲೇತಿನವನಿಗೆ ನಾಚಿಕೆಯಾಯಿತು. ಅಕ್ಕನ ಮನಸ್ಸಿಗೆ ನೋವಾಯಿತೇನೋ ಎಂದು ಇನ್ನೊಂದು ಸೌಟು ಕೇಳಿದ.

"ಟೊಮೇಟೊ ಹುಳಿ ಇರ್ಬೇಕು ಕಣೋ" ಎಂದಳು ಆಕೆ. ಹಾಗೆಂದು ಹಾಕಿದಳು.

ಬೇರೆಯವರ ನಾಲಿಗೆಗೂ ಆ ಹುಳಿ ತಾಗದೆ ಇರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿ, ಅಕ್ಕನ ಮೂಗಿಗಿಂತ ನಮ್ಮ ನಾಲಿಗೆ ದೊಡ್ಡದೇ ಎಂದು ಕುಡಿದರು. ಬೇರೆ ಅಂಗಡಿಯಾಗಿದ್ದರೆ ಬಟ್ಟಲು ಎಸೆದು ಎದ್ದುಹೋಗುತ್ತಿದ್ದವರೇ ಎಲ್ಲರೂ.

ಸಂಜೆಯ ಹೊತ್ತಿಗೆ ಆ ಬೀದಿಯಲ್ಲಿ ನೆಟ್ಟಗೆ ನಿಂತಿದ್ದದ್ದು ದೀಪದ ಕಂಬಗಳು ಮಾತ್ರ. ಪಾಯಿಖಾನೆಯ ಮುಂದಿನ ಸಾಲು ಬಸ್‌ಸ್ಟ್ಯಾಂಡಿನವರೆಗೆ ಬೆಳೆದಿತ್ತು ಎಂದು ಈಗ ನಗುತ್ತಾ ಹೇಳುವವರಿದ್ದಾರೆ. ಅವರೆಲ್ಲ ಎರಡು ದಿನದಲ್ಲಿ ಎದ್ದು ಓಡಾಡಿದವರು. ಲೇತಿನವನು ಏಳಲಿಲ್ಲ. ಒಂಟಿಯಾಗಿದ್ದವನು, ಕೂಗಿ ಕರೆಯಲೂ ಶಕ್ತಿಯಿಲ್ಲದೆ ಅಂಗಡಿಯ ನೆಲದ ಮೇಲೆ ಒಣಗಿ ಬಿದ್ದಿದ್ದ. ಬೆಳಿಗ್ಗೆ ಬಾಗಿಲು ತೆರೆಯದ್ದನ್ನು ನೋಡಿ ಗಂಡ ಹೋಗಿ ಬಾಗಿಲು ಒಡೆದ. ಮೊದಲೇ ಸೋತಿದ್ದ ಮೂತ್ರಪಿಂಡ ಆ ಒಂದು ಹೊಡೆತಕ್ಕೆ ಕೈಬಿಟ್ಟಿತ್ತು.

ಅಂಕದ ಮೇಡಂ ಬಂದರು. ಮಿಕ್ಕ ಸಾರನ್ನು ಶೀಶೆಗೆ ತುಂಬಿಕೊಂಡರು. ಫ್ರಿಜ್ಜಿನ ಬಾಗಿಲನ್ನು ಎರಡು ಸಲ ಹಾಕಿ ತೆಗೆದು ನೋಡಿದರು. ಈ ಸಲ ಯಾರೂ ನಗಲಿಲ್ಲ.

"ಬೆಳಿಗ್ಗೆ ಇದನ್ನ ಪರೀಕ್ಷೆ ಮಾಡಿದ್ದು ಯಾರು?"

"ನಾನು ಮೇಡಂ," ಎಂದ ಗಂಡ, ಗಲ್ಲಾದಿಂದ ಎದ್ದು ಬಂದು. "ನಾನೇ ಮೂಸಿ ಸರಿ ಇದೆ ಅಂದೆ. ಇವಳದೇನೂ ಇಲ್ಲ. ಇವಳಿಗೆ ಆವತ್ತು ನೆಗಡಿ."

"ಆವತ್ತಲ್ಲ," ಎಂದಳು ಆಕೆ. ಒರೆಸುವ ಬಟ್ಟೆಯನ್ನು ಮಡಿಸಿ ಕಟ್ಟೆಯ ಮೇಲಿಟ್ಟಳು. "ಚಳಿಗಾಲದಿಂದ. ನನ್ನ ಮೂಗು ಸತ್ತುಹೋಗಿದೆ ಮೇಡಂ. ಯಾರಿಗೂ ಹೇಳಿಲ್ಲ. ಇವರು ಮುಚ್ಚಿಟ್ರು. ಇವರ ಮೂಗು ಯಾವುದಕ್ಕೂ ಬಾರದ್ದು ಅಂತ ಗೊತ್ತಿದ್ದೂ ಗೊತ್ತಿದ್ದೂ ಒಲೆ ಮೇಲಿಟ್ಟೋಳು ನಾನು. ಅವನು ಹುಳಿ ಅಂತ ಬಾಯಿ ಬಿಟ್ಟು ಹೇಳ್ದ. ಟೊಮೇಟೊ ಅಂದೆ."

ಗಾಜಿನ ಬಾಗಿಲ ಹೊರಗೆ ನಿಂತಿದ್ದ ಅರ್ಧ ಬೀದಿ ಅದನ್ನು ಕೇಳಿತು. ವೆಲ್ಡಿಂಗಿನವನು ತಲೆ ತಗ್ಗಿಸಿ ಮೊದಲು ಹೊರಟುಹೋದ.

ಮೇಡಂ ಶೀಶೆಯ ಮುಚ್ಚಳ ಬಿಗಿದರು. "ನಾನೂ ಮೂರು ಸಲ ಬಂದು ಐದು ಹಾಕಿದ್ದೀನಮ್ಮ, ಥರ್ಮಾಮೀಟರ್ ಇಲ್ಲದೇ" ಎಂದರು. ಅಷ್ಟು ಹೇಳಿ ಬಾಗಿಲಿನ ಹಸಿರು ಹಲಗೆಯನ್ನು ಬಿಡಿಸಿದರು. ಅಂಟು ಗಟ್ಟಿಯಾಗಿತ್ತು, ಮೂಲೆ ಮುರಿಯಿತು. ಕೆಂಪು ಹಲಗೆ ಅಂಟಿಸಿದರು. ಒಂದು. ತಪ್ಪು ಸರಿಪಡಿಸಿಕೊಂಡರೆ ಮತ್ತೆ ತಪಾಸಣೆಗೆ ಅರ್ಜಿ ಹಾಕಬಹುದು ಎಂದು ಗಂಡನಿಗೆ ವಿವರಿಸಿ ಹೋದರು.

ಆಸ್ಪತ್ರೆಯಲ್ಲಿ ಲೇತಿನವನ ಮಂಚದ ಪಕ್ಕ ಆಕೆ ಬರಿಗೈಯಲ್ಲಿ ಹೋಗಿ ನಿಂತಳು. ಎಲ್ಲಿಗೇ ಹೋಗಲಿ, ಜೀವಮಾನದಲ್ಲಿ ಡಬ್ಬಿಯಿಲ್ಲದೆ ಹೋದದ್ದು ಅದೇ ಮೊದಲು.

"ಕೂತ್ಕೋ ಅಕ್ಕ," ಎಂದ. "ಇಲ್ಲಿ ಕೊಡೋ ಗಂಜಿ ನೋಡಬೇಕು ನೀನು. ಗೋಡೆಗೆ ಬಳಿದ್ರೆ ಗೋಡೆನೇ ವಾಂತಿ ಮಾಡುತ್ತೆ."

ಆಕೆ ನಗಲಿಲ್ಲ.

"ನೀನು ಹುಳಿ ಅಂದಾಗ ಯಾಕೋ ಸುಮ್ನಾದೆ? ಬಟ್ಟಲು ಎತ್ತಿ ನನ್ನ ಮುಖಕ್ಕೆ ಎಸೀಬಾರ್ದಿತ್ತಾ?"

"ನಿನ್ನ ಮುಖಕ್ಕಾ?" ಅವನು ಕಣ್ಣು ಮುಚ್ಚಿಕೊಂಡ. "ನನ್ನ ನಾಲಿಗೇನೇ ಸುಳ್ಳು ಅಂದ್ಕೊಂಡೆ ಅಕ್ಕ."

ಬೈದಿದ್ದರೆ ಆಕೆಗೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತೇನೋ. ವಾರವಾರ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಳ್ಳುವುದು ಅವನ ಪಾಲಿಗೆ ಬಂತು. ಲೇತು ನಡೆಸುವ ತ್ರಾಣ ತೋಳಿಗೆ ಮರಳಲಿಲ್ಲ. ಒಂದು ದಿನ ಲಾರಿ ತಂದು ಅದನ್ನು ಯಾರೋ ಕೊಂಡುಹೋದರು. ಎದುರಿನ ಅಂಗಡಿಯ ನೆಲದಲ್ಲಿ ಅದರ ನಾಲ್ಕು ಬೋಲ್ಟಿನ ತೂತುಗಳು ಉಳಿದವು.

ಇತ್ತ ಗಂಡ ಹಠ ಹಿಡಿದವನಂತೆ ಎದ್ದು ನಿಂತ. ಫ್ರಿಜ್ಜಿಗೊಂದು, ಪಾತ್ರೆಗೊಂದು ಥರ್ಮಾಮೀಟರ್ ತಂದ. ಪ್ರತಿ ಡಬ್ಬಿಗೂ ತಾರೀಖಿನ ಚೀಟಿ ಅಂಟಿಸಿದ. ಅಂಟಿಸುವ ಉತ್ಸಾಹದಲ್ಲಿ ಒಂದು ದಿನ ತನ್ನ ಶರ್ಟಿಗೂ ಒಂದು ಅಂಟಿಕೊಂಡಿತ್ತು, ಅದರ ಪ್ರಕಾರ ಆತ ಎರಡು ದಿನದ ಹಿಂದೆಯೇ ಕೆಟ್ಟುಹೋಗಿದ್ದ. ಸಿಗರೇಟು ಬಿಟ್ಟ. ಸೌಟು ಹಿಡಿದ. ಕೆಟ್ಟದಾಗಿ ಅಡುಗೆ ಮಾಡಿದ. ಆದರೆ ಕೆಟ್ಟುಹೋದ ಅಡುಗೆ ಮಾಡಲಿಲ್ಲ. ಅರ್ಜಿ ಹಾಕಿದ. ಮೇಡಂ ಬಂದು ಮೂಲೆಮೂಲೆ ನೋಡಿ ಬಾಗಿಲಿಗೆ ಹೊಸ ಹಸಿರು ಹಲಗೆ ಅಂಟಿಸಿದರು.

"ಬಾರೇ, ನೋಡು ಬಾ," ಎಂದು ಹಿತ್ತಿಲಿಗೆ ಓಡಿದ. "ಐದು ಬಂತು ಕಣೇ, ನಮ್ಮ ಐದು!"

ಆಕೆ ಪಾತ್ರೆ ತೊಳೆಯುವ ಕಟ್ಟೆಯ ಮುಂದೆ ಇದ್ದಳು. ಆಸ್ಪತ್ರೆಯಿಂದ ಬಂದ ದಿನದಿಂದ ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ. ಕಣ್ಣು, ಕೈ ಎರಡೇ ಸಾಕಾಗುವ ಕೆಲಸ ಇದು ಎಂದು ತಾನೇ ಆರಿಸಿಕೊಂಡಿದ್ದಳು.

"ನಿಮ್ಮ ಐದು ಕಣ್ರೀ," ಎಂದಳು. "ನಂದು ಆ ಒಂದೇ." ಕೋಪದಿಂದಲ್ಲ, ಬಿಸಿಲಿದೆ ಎಂದು ಹೇಳುವ ಹಾಗೆ. ಆತ ಒಳಗೆ ಹೋದ.

ಜನ ಒಬ್ಬೊಬ್ಬರಾಗಿ ಬಂದರು. ಉಪ್ಪು ಹೆಚ್ಚಾಗಿದೆ, ಅನ್ನ ಮುದ್ದೆಯಾಗಿದೆ ಎಂದು ಈಗ ಧಾರಾಳವಾಗಿ ಬೈದರು. ಮೊದಲು ಆ ಅಂಗಡಿಯಲ್ಲಿ ಯಾರಿಗೂ ಇರದಿದ್ದ ಧೈರ್ಯ. ಆಕೆ ಹಿಂದಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಲೇತಿನವನು ಕೋಲೂರಿಕೊಂಡು ಬಂದು ಕೂತ. ಶರ್ಟಿನೊಳಗೆ ಮನುಷ್ಯ ಇದ್ದಾನೋ ಶರ್ಟನ್ನು ಕೋಲಿಗೆ ತೂಗುಹಾಕಿದೆಯೋ ಎಂಬಷ್ಟು ಇಳಿದುಹೋಗಿದ್ದ. ಗಂಡ ಅವನಿಗೆಂದೇ ಉಪ್ಪಿಲ್ಲದೆ ಮಾಡಿದ ಸಾರನ್ನು ಮುಂದಿಟ್ಟ. ಅವನು ಚಮಚ ಮುಟ್ಟಲಿಲ್ಲ. ಹಿಂದಕ್ಕೆ ಕತ್ತು ತಿರುಗಿಸಿ ಕೂಗಿದ: "ಅಕ್ಕಾ, ಒಂದ್ಸಲ ಬಂದು ಮೂಸಿ ಕೊಡು. ಆಮೇಲೆ ತಿಂತೀನಿ."

ಆಕೆ ನೊರೆಯ ಕೈಗಳನ್ನು ಮುಂದೆ ಹಿಡಿದುಕೊಂಡೇ ಬಂದಳು.

"ಮೂಗು ಸತ್ತಿದೆ ಕಣೋ. ಊರಿಗೆಲ್ಲ ಗೊತ್ತು."

"ನಂಗೂ ಗೊತ್ತು. ಆದ್ರೂ ಮೂಸು. ಸುಮ್ನೆ, ನನ್ನ ಸಮಾಧಾನಕ್ಕೆ. ಗಂಟಲಲ್ಲಿ ಇಳೀತಿಲ್ಲ ಅಕ್ಕ, ಎಲ್ಲೂ."

ಗಂಡ ಹೆಂಡತಿಯ ಕಡೆ ನೋಡಿದ. ಬಗ್ಗಿಬಿಡೇ, ಏನು ಗಂಟು ಹೋಗುತ್ತೆ ಎಂಬಂತೆ. ಆಕೆಯ ಬೆನ್ನು ಬಗ್ಗುವುದಕ್ಕೆ ಹೊರಟಿತು ಕೂಡ. ಬಟ್ಟಲಿನ ಬಿಸಿ ಗಲ್ಲಕ್ಕೆ ತಾಗಿತು. ಅಷ್ಟರಲ್ಲಿ ನೆಟ್ಟಗಾದಳು.

"ಅವತ್ತೂ ಆಗಿದ್ದು ಸಮಾಧಾನಕ್ಕೇ ಅಲ್ವೇನೋ? ಇವರು ನನ್ನ ಸಮಾಧಾನಕ್ಕೆ ಸರಿ ಇದೆ ಅಂದ್ರು. ನಾನು ಇವರ ಸಮಾಧಾನಕ್ಕೆ ಹೂಂ ಅಂದೆ. ನೀನು ನನ್ನ ಸಮಾಧಾನಕ್ಕೆ ಇನ್ನೊಂದು ಸೌಟು ಹಾಕಿಸ್ಕೊಂಡೆ." ಮೊಣಕೈಯಿಂದ ಬಟ್ಟಲನ್ನು ಅವನತ್ತ ಸರಿಸಿದಳು. "ನಿನ್ನ ನಾಲಿಗೆ ಏನ್ ಹೇಳುತ್ತೋ ಕೇಳು. ಹುಳಿ ಅಂದ್ರೆ ಎದ್ದು ಹೋಗು. ನನ್ನ ಮಾತ್ರ ಕೇಳ್ಬೇಡ ಕಣೋ."

ಹಿಂದಿರುಗಿ ಹೋಗಿ ನಲ್ಲಿ ತಿರುಗಿಸಿದಳು. ನೀರಿನ ಸದ್ದಿನಲ್ಲಿ ಒಳಗಿನದು ಕೇಳಿಸಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಗಂಡ ಬಟ್ಟಲು ತಂದು ಕಟ್ಟೆಯ ಮೇಲಿಟ್ಟ. ಲೇತಿನವನು ಎರಡು ಮೂರು ಚಮಚ ತಿಂದಿದ್ದ. ಉಳಿದದ್ದು ಹಾಗೇ ಇತ್ತು. "ಹುಳಿ ಇರ್ಲಿಲ್ಲವಂತೆ," ಎಂದ ಗಂಡ. "ಸೇರ್ಲಿಲ್ಲವಂತೆ, ಅಷ್ಟೇ." ಆಕೆ ತಲೆಯಾಡಿಸಿ, ಸಾರನ್ನು ಬಕೆಟ್ಟಿಗೆ ಬಗ್ಗಿಸಿ, ಬಟ್ಟಲನ್ನು ನೊರೆಯೊಳಗೆ ಇಳಿಸಿದಳು.